ಕ್ರೋಮ್ ಹೇಳಿಕೊಳ್ಳುವ ಮುತ್ತಜ್ಜನ ಹೆಸರು

ನಿಮ್ಮ ಕಂಪ್ಯೂಟರ್‌ನ ಕ್ರೋಮ್ ಬ್ರೌಸರ್ ಯಾವುದೇ ವೆಬ್‌ಸೈಟ್‌ನ ಬಾಗಿಲು ತಟ್ಟಿದಾಗ ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತೆ. ಒಂದೇ ಸಾಲು. ನಮ್ಮ ಕಣ್ಣಿಗೆ ಬೀಳಲ್ಲ, ಆ ಕಡೆ ಇರೋ ಸರ್ವರ್‌ಗೆ ಮಾತ್ರ ಕಾಣುತ್ತೆ. ಅದರಲ್ಲಿ ಮೊಜಿಲ್ಲಾ ಅಂತಿರುತ್ತೆ, ಆಪಲ್ ಅಂತಿರುತ್ತೆ, ಸಫಾರಿ ಅಂತಲೂ ಇರುತ್ತೆ. ನಡುವೆ ಎಲ್ಲೋ ಒಂದು ಕಡೆ ಕೆಎಚ್‌ಟಿಎಂಎಲ್ ಅನ್ನೋ ಹೆಸರು. ಅಲ್ಲಾ ಸ್ವಾಮಿ, ಗೂಗಲ್‌ನ ಬ್ರೌಸರ್ ಊರವರ ಹೆಸರನ್ನೆಲ್ಲ ಯಾಕೆ ಹೇಳಿಕೊಂಡು ತಿರುಗಬೇಕು? ಹಳೇ ವೆಬ್‌ಸೈಟ್‌ಗಳು ಗುರುತು ಸಿಗದೆ ಬಾಗಿಲು ಹಾಕಿಬಿಟ್ಟಾವು ಅನ್ನೋ ಭಯಕ್ಕೆ. ಕೆಲವು ಹೆಸರು ಬರೀ ನೆಪಕ್ಕೆ. ಕೆಎಚ್‌ಟಿಎಂಎಲ್ ಮಾತ್ರ ನಿಜವಾದ ಮುತ್ತಜ್ಜ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಬ್ರೌಸರ್ ಅಂದ್ರೆ ಹೋಟೆಲಿನ ಬೋರ್ಡು. ಅಡುಗೆಮನೆ ಒಳಗಿರುತ್ತೆ, ಅದಕ್ಕೆ ಎಂಜಿನ್ ಅಂತಾರೆ. ಅಕ್ಷರ ಎಲ್ಲಿ ಕೂರಬೇಕು, ಚಿತ್ರ ಎಷ್ಟಗಲ ಇರಬೇಕು, ಎಲ್ಲ ನಿರ್ಧಾರವಾಗೋದು ಅಲ್ಲಿ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್ ಅಂತ ಬೋರ್ಡುಗಳು ಬೇರೆ ಬೇರೆ ಇದ್ದರೂ ಅಡುಗೆಮನೆ ಒಂದೇ.

ಈ ಅಡುಗೆಮನೆಗೆ ಒಲೆ ಹೂಡಿದವರು ಯಾವ ದೊಡ್ಡ ಕಂಪನಿಯವರೂ ಅಲ್ಲ. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಎಂಬ ವಿದ್ಯಾರ್ಥಿ ಕೆಡಿಇ ಎಂಬ ಯೋಜನೆ ಶುರು ಮಾಡಿದರು. ಲಿನಕ್ಸ್‌ನಂಥ ಕಂಪ್ಯೂಟರ್‌ಗಳನ್ನು ಸಾಮಾನ್ಯರೂ ಬಳಸುವ ಹಾಗೆ ಮಾಡಬೇಕು ಅನ್ನೋದು ಉದ್ದೇಶ. ಬಹುಪಾಲು ಸ್ವಯಂಸೇವಕರು. ಅವರಿಗೊಂದು ಬ್ರೌಸರ್ ಬೇಕಿತ್ತು, ಕಾಂಕರರ್ ಅಂತ ಹೆಸರಿಟ್ಟರು. ಅದರ ಎಂಜಿನ್ನೇ ಕೆಎಚ್‌ಟಿಎಂಎಲ್. ಲಾರ್ಸ್ ನೋಲ್ ಎಂಬ ಪ್ರೋಗ್ರಾಮರ್ ಅದರ ಮುಖ್ಯ ಶಿಲ್ಪಿ. 2000ದ ಅಕ್ಟೋಬರ್‌ನಲ್ಲಿ ಕೆಡಿಇ 2 ಜೊತೆ ಅದು ಹೊರಗೆ ಬಂತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮೆರೆಯುತ್ತಿದ್ದ ಕಾಲ, ಹಾಗಾಗಿ ಜಗತ್ತು ತಲೆ ಕೆಡಿಸಿಕೊಳ್ಳಲಿಲ್ಲ.

2003ರ ಜನವರಿ 7. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ವೇದಿಕೆ ಹತ್ತಿ ಸಫಾರಿ ಬ್ರೌಸರ್ ಘೋಷಿಸಿದರು. ಒಳಗಿದ್ದ ಎಂಜಿನ್ ಯಾವುದು ಗೊತ್ತಾ? ಅದೇ ಕೆಎಚ್‌ಟಿಎಂಎಲ್! ಆಪಲ್‌ನವರು ಒಂದು ವರ್ಷಕ್ಕೂ ಮೊದಲೇ ಅದನ್ನು ಆರಿಸಿಕೊಂಡು ಗುಟ್ಟಾಗಿ ಕೆಲಸ ಮಾಡುತ್ತಿದ್ದರು. ಕೆಡಿಇ ಹುಡುಗರಿಗೆ ಗೊತ್ತಾಗಿದ್ದು ಅವತ್ತೇ, ಸಫಾರಿ ತಂಡದ ಮುಖ್ಯಸ್ಥ ಡಾನ್ ಮೆಲ್ಟನ್ ಬರೆದ ಇಮೇಲ್‌ನಿಂದ. ನಿಮ್ಮ ಕೋಡ್ 1,40,000 ಸಾಲಿಗಿಂತ ಚಿಕ್ಕದು, ಅಚ್ಚುಕಟ್ಟಾಗಿದೆ, ಅದಕ್ಕೇ ಆರಿಸಿಕೊಂಡೆವು ಅಂತ ಹೊಗಳಿದ್ದರು. ಬಿಡುವಿನ ವೇಳೆಯಲ್ಲಿ ಬರೆದ ಕೋಡಿಗೆ ಆಪಲ್ ಮನೆಯಿಂದ ಸಂಬಂಧ ಬಂದಂತಾಯ್ತು. ಯಾರು ಖುಷಿಪಡಲ್ಲ ಹೇಳಿ?

ಜಗಳ ಶುರುವಾಗಿದ್ದು ಮದುವೆ ಆದ ಮೇಲೆ.

ಈ ಕೋಡಿಗೊಂದು ಲೈಸೆನ್ಸ್ ಇತ್ತು. ಯಾರು ಬೇಕಾದರೂ ತಗೊಳ್ಳಿ, ತಿದ್ದಿ ಹಂಚಿದರೆ ತಿದ್ದಿದ ಕೋಡನ್ನೂ ಬಹಿರಂಗ ಮಾಡಿ. ಆಪಲ್ ಮಾಡಿತು. ಆದರೆ ಹೇಗೆ? ಪಾಲುದಾರ ಲೆಕ್ಕ ಕೇಳಿದಾಗ ವರ್ಷದ ರಸೀದಿಗಳನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬಿ ಅಂಗಳದಲ್ಲಿ ಸುರಿದ ಹಾಗೆ. ಯಾವ ಸಾಲನ್ನು ಯಾಕೆ ಬದಲಾಯಿಸಿದರು ಅನ್ನೋದು ಗೊತ್ತಾಗಲ್ಲ. ದೋಷಗಳ ಪಟ್ಟಿ ಆಪಲ್‌ನ ಒಳಗೇ, ಹೊರಗಿನವರಿಗೆ ಪ್ರವೇಶ ಇಲ್ಲ. ಕಾನೂನಿನ ಪ್ರಕಾರ ತಪ್ಪು ಹುಡುಕೋಕಾಗಲ್ಲ. ಕೆಲಸ ಮಾಡೋಕೂ ಆಗಲ್ಲ!

2005ರ ಏಪ್ರಿಲ್‌ನಲ್ಲಿ ಅದು ಸ್ಫೋಟಗೊಂಡಿತು. ಆಸಿಡ್2 ಅಂತ ಬ್ರೌಸರ್‌ಗಳಿಗೊಂದು ಪರೀಕ್ಷೆ. ಪಾಸಾದರೆ ತೆರೆಯ ಮೇಲೆ ನಗುಮುಖ ಮೂಡುತ್ತೆ. ಆಪಲ್‌ನ ಡೇವ್ ಹಯಾಟ್ ಸಫಾರಿಯನ್ನು ಪಾಸು ಮಾಡಿಸಿದರು. ಜನ ಕೆಡಿಇ ಕಡೆ ತಿರುಗಿ, ನಿಮ್ಮದೇ ಕೋಡ್ ಅಲ್ವಾ, ನೀವ್ಯಾವಾಗ ಅಂತ ಕೇಳತೊಡಗಿದರು. ಕೆಡಿಇಯ ಜ್ಯಾಕ್ ರೂಸಿನ್‌ಗೆ ತಾಳ್ಮೆ ತಪ್ಪಿತು. ಆ ಗೋಣಿಚೀಲದಿಂದ ಏನನ್ನೂ ಸಲೀಸಾಗಿ ಎತ್ತಿಕೊಳ್ಳೋಕಾಗಲ್ಲ, ಇದನ್ನ ಸಹಕಾರ ಅಂತ ಕರೀಬೇಡಿ ಅನ್ನೋ ಅರ್ಥದಲ್ಲಿ ಬಹಿರಂಗವಾಗಿಯೇ ಬರೆದರು. ಅದೇ ಜೂನ್‌ನಲ್ಲಿ ಆಪಲ್ ವೆಬ್‌ಕಿಟ್ ಹೆಸರಿನಲ್ಲಿ ಕೋಡಿನ ಚರಿತ್ರೆ, ದೋಷಪಟ್ಟಿ ಎಲ್ಲವನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿತು. ಲೈಸೆನ್ಸ್ ಮಾಡಿಸಲಾಗದ್ದನ್ನು ಮುಜುಗರ ಮಾಡಿಸಿತು ಅಂತಲೇ ನಾನು ನಂಬಿದ್ದೀನಿ.

ಹಾಗಂತ ಕೆಡಿಇ ಗೆಲ್ಲಲಿಲ್ಲ. ತೆರೆದ ಬಾಗಿಲಿನಿಂದ ಗೂಗಲ್ ಒಳಗೆ ಬಂತು. 2008ರಲ್ಲಿ ವೆಬ್‌ಕಿಟ್ ಮೇಲೆ ಕ್ರೋಮ್ ಕಟ್ಟಿತು, 2013ರ ಏಪ್ರಿಲ್‌ನಲ್ಲಿ ಪಾಲು ತಗೊಂಡು ಬ್ಲಿಂಕ್ ಅಂತ ಬೇರೆ ಮನೆ ಮಾಡಿತು. ನಮ್ಮೂರುಗಳಲ್ಲಿ ಅಣ್ಣತಮ್ಮಂದಿರು ಪಾಲಾದರೆ ನಡುಮನೆಗೆ ಗೋಡೆ ಏಳುತ್ತೆ. ಓಪನ್ ಸೋರ್ಸ್‌ನಲ್ಲಿ ಹಾಗಲ್ಲ, ಪಾಲಾದ ಮೇಲೂ ಇಬ್ಬರಿಗೂ ಪೂರ್ತಿ ಮನೆ ಸಿಗುತ್ತೆ. ಆದರೆ ಸುಣ್ಣಬಣ್ಣ, ರಿಪೇರಿ ಯಾರು ಮಾಡ್ತಾರೆ? ಸಂಬಳ ಕೊಟ್ಟು ನೂರಾರು ಎಂಜಿನಿಯರ್‌ಗಳನ್ನು ಇಟ್ಟುಕೊಂಡವನ ಮನೆ ನಿಲ್ಲುತ್ತೆ. ಮೈಕ್ರೋಸಾಫ್ಟ್ ಕೂಡ 2018ರ ಡಿಸೆಂಬರ್‌ನಲ್ಲಿ ಸ್ವಂತ ಎಂಜಿನ್ ಬಿಟ್ಟು ಗೂಗಲ್ ಕಡೆ ಬರೋದಾಗಿ ಘೋಷಿಸಿತು. ಕೆಡಿಇ 2024ರಲ್ಲಿ ತನ್ನ ಹೊಸ ಆವೃತ್ತಿಯಿಂದ ಕೆಎಚ್‌ಟಿಎಂಎಲ್ ಅನ್ನೇ ಕೈಬಿಟ್ಟಿತು. ಕಾಂಕರರ್ ಈಗ ಓಡೋದು ಗೂಗಲ್‌ನ ಕ್ರೋಮಿಯಂ ಕೋಡಿನ ಮೇಲೆ. ಅಜ್ಜನ ಮನೆಯವರೇ ಮೊಮ್ಮಗನ ಮನೆಗೆ ಬಾಡಿಗೆಗೆ ಹೋದರು.

ನಾನು ಇಂಜಿನಿಯರಿಂಗ್ ಓದುವಾಗ ಒಂದು ಅರ್ಜಿ ತುಂಬಬೇಕಿತ್ತು. ಆ ವೆಬ್‌ಸೈಟ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆಲ್ಲೂ ತೆರೆಯಲ್ಲ. ಹಾಸ್ಟೆಲ್‌ನಲ್ಲಿದ್ದ ಕಂಪ್ಯೂಟರ್ ಬಿಟ್ಟು ಸೈಬರ್ ಸೆಂಟರ್‌ಗೆ ಹೋಗಿ ಸಾಲಲ್ಲಿ ನಿಂತೆ. ಎಂಜಿನ್ ಒಂದೇ ಆದರೆ ಆ ಕಾಲ ಮತ್ತೆ ಬರುತ್ತೆ. ಕಂಪನಿಯ ಹೆಸರು ಬದಲಾಗಿರುತ್ತೆ, ಅಷ್ಟೇ. ಹಾಗಾದ್ರೆ ಫೈರ್‌ಫಾಕ್ಸ್ ಇದೆಯಲ್ಲಾ ಅಂತೀರಾ? ಇದೆ, ಎಂಜಿನ್ನೂ ಸ್ವಂತದ್ದೇ. ಆದರೆ ಅದನ್ನು ಕಟ್ಟುವ ಮೊಜಿಲ್ಲಾದ ಆದಾಯದ ಬಹುಪಾಲು ಬರೋದು ಗೂಗಲ್ ಜೊತೆಗಿನ ಸರ್ಚ್ ಒಪ್ಪಂದದಿಂದ.

ಇಂಥ ಹೊತ್ತಲ್ಲಿ ಸೊನ್ನೆಯಿಂದ ಹೊಸ ಎಂಜಿನ್ ಬರೀತೀನಿ ಅಂತ ಹೊರಟವರು ಸ್ವೀಡನ್ನಿನ ಆಂಡ್ರಿಯಾಸ್ ಕ್ಲಿಂಗ್. ಹೊಸಬರಲ್ಲ, ಆಪಲ್‌ನಲ್ಲಿ ಅದೇ ವೆಬ್‌ಕಿಟ್ ಮೇಲೆ ಕೆಲಸ ಮಾಡಿದವರು. ವ್ಯಸನಮುಕ್ತಿ ಚಿಕಿತ್ಸೆ ಮುಗಿಸಿ ಹೊರಬಂದಾಗ ಕೈ ತುಂಬ ಸಮಯ ಇತ್ತು ಅಂತ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. 2018ರಲ್ಲಿ ಸೆರೆನಿಟಿ ಎಂಬ ಆಪರೇಟಿಂಗ್ ಸಿಸ್ಟಂ ಬರೆಯಲು ಕೂತರು. ಅದಕ್ಕೊಂದು ಬ್ರೌಸರ್ ಬೇಕಾಯ್ತು. 2022ರಲ್ಲಿ ಅದೇ ಲೇಡಿಬರ್ಡ್ ಆಯ್ತು. 2024ರ ಜೂನ್‌ನಲ್ಲಿ ಸೆರೆನಿಟಿಯಿಂದ ಬೇರೆಯಾಯ್ತು. ಜುಲೈನಲ್ಲಿ ಲಾಭರಹಿತ ಸಂಸ್ಥೆಯಾದಾಗ ಗಿಟ್‌ಹಬ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ವ್ಯಾನ್‌ಸ್ಟ್ರಾತ್ 10 ಲಕ್ಷ ಡಾಲರ್ ಕೊಟ್ಟರು.

ಸುದ್ದಿಯಾದ ಕೂಡಲೇ ಹಳೇ ಜಗಳವೂ ಎದ್ದು ಬಂತು. 2021ರಲ್ಲಿ ಯಾರೋ ಒಬ್ಬರು, ಕೈಪಿಡಿಯಲ್ಲಿ ಬಳಕೆದಾರರನ್ನು ಅವನು ಅಂತ ಬರೆದಿದ್ದೀರಿ, ಹೆಂಗಸರೂ ಇರ್ತಾರೆ, ತಿದ್ದಿ ಅಂತ ಬದಲಾವಣೆ ಕಳಿಸಿದ್ದರು. ವೈಯಕ್ತಿಕ ರಾಜಕೀಯಕ್ಕೆ ಇದು ಜಾಗ ಅಲ್ಲ ಅಂತ ಕ್ಲಿಂಗ್ ತಳ್ಳಿಹಾಕಿದ್ದರು. ಮೂರು ವರ್ಷದ ಮೇಲೆ ಅದೇ ದೊಡ್ಡ ರಾದ್ಧಾಂತ. ಕನ್ನಡದಲ್ಲಾದರೆ ಅವರು ಅಂತ ಬರೆದು ಮುಗಿಸ್ತಿದ್ವಿ, ಗೌರವವೂ ಉಳೀತು, ತಂಟೆಯೂ ಇಲ್ಲ. ತಿದ್ದುಪಡಿ ನ್ಯಾಯವಾಗೇ ಇತ್ತು, ತಗೊಂಡಿದ್ದರೆ ಕೈಪಿಡಿ ಕೆಡುತ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕೊನೆಗೆ ಆ ಸಾಲುಗಳನ್ನು ತಿದ್ದಿದರು ಅನ್ನಿ. ಆದರೆ ಗಮನಿಸಿ, 2005ರಲ್ಲಿ ಕೆಡಿಇಯವರು ಎತ್ತಿದ ಪ್ರಶ್ನೆಯೂ ಇದಕ್ಕೆ ದೂರದ್ದಲ್ಲ. ಕೋಡ್ ಎಲ್ಲರದ್ದು ಸರಿ, ಬಾಗಿಲಲ್ಲಿ ನಿಂತು ಬೇಡ ಅನ್ನೋ ಹಕ್ಕು ಯಾರದ್ದು?

ಲೇಡಿಬರ್ಡ್‌ನಲ್ಲಿ ಸಂಬಳಕ್ಕಿರುವವರು ಬೆರಳೆಣಿಕೆಯಷ್ಟು ಜನ. ಸರ್ಚ್ ಒಪ್ಪಂದದ ದುಡ್ಡು ಮುಟ್ಟಲ್ಲ, ದೇಣಿಗೆಯಲ್ಲೇ ನಡೆಸ್ತೀವಿ ಅಂತ ಘೋಷಿಸಿದ್ದಾರೆ. ಲಿನಕ್ಸ್ ಮತ್ತು ಮ್ಯಾಕ್‌ಗೆ ಮೊದಲ ಪ್ರಾಯೋಗಿಕ ಆವೃತ್ತಿ ಕೊಡೋದಕ್ಕೆ ಅವರು ಇಟ್ಟುಕೊಂಡ ಗುರಿ 2026.