ಮಾರ್ಟಿನನ ಮೇಲಂಗಿ, ಅಪ್ಪನ ಬೂಟು

ನಮ್ಮಪ್ಪ ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಅವರಿಗೆ ದೆಹಲಿ ಕಂಟೋನ್ಮೆಂಟಿಗೆ ಪೋಸ್ಟಿಂಗ್ ಆದಾಗ ನನಗೆ ಒಂಬತ್ತು ವರ್ಷ. ಭಾನುವಾರ ನಾವು ಹೋಗುತ್ತಿದ್ದದ್ದು ಅಲ್ಲಿನ ಸೇಂಟ್ ಮಾರ್ಟಿನ್ಸ್ ಗ್ಯಾರಿಸನ್ ಚರ್ಚಿಗೆ. ಲುಟ್ಯೆನ್ಸ್‌ನ ಸಹಾಯಕನಾಗಿದ್ದ ಆರ್ಥರ್ ಶೂಸ್ಮಿತ್ 1930ರ ಸುಮಾರಿಗೆ ಕಟ್ಟಿದ ಕಟ್ಟಡ ಅದು. ಸುಮಾರು 35 ಲಕ್ಷ ಇಟ್ಟಿಗೆ ಹಿಡಿದಿದೆಯಂತೆ. ಹೊರಗಿನಿಂದ ನೋಡಿದರೆ ಚರ್ಚು ಅನ್ನಿಸೋದೇ ಇಲ್ಲ, ಕೋಟೆ ಅನ್ನಿಸುತ್ತೆ. ದೇವರಿಗೆ ಇಷ್ಟು ದಪ್ಪ ಗೋಡೆ ಯಾಕೆ ಅಂತ ಅಪ್ಪನನ್ನು ಕೇಳಿದ್ದೆ. 'ಸಿಪಾಯಿಗಳ ಚರ್ಚು ಕಣೋ, ಹೀಗೇ ಇರಬೇಕು' ಅಂದಿದ್ದರು.

ಇನ್ನೊಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ಪ್ರಭುಭೋಜನದ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಹೋಗುತ್ತಿದ್ದರು, ಅಮ್ಮನೂ ಹೋಗುತ್ತಿದ್ದಳು. ಅಪ್ಪ ಮಾತ್ರ ಹಿಂದಿನ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತೇ ಇರುತ್ತಿದ್ದರು. ಬೆಳಗ್ಗೆ ಎದ್ದು ಬೂಟು ಪಾಲಿಶ್ ಮಾಡಿ, ಸತ್ಯವೇದ ಓದಿ, ಆಮೇಲೇ ಚಹಾ ಮುಟ್ಟುತ್ತಿದ್ದ ಮನುಷ್ಯ. ನನಗೆ ಅದು ಅರ್ಥವಾಗಿದ್ದು ಬಹಳ ವರ್ಷಗಳಾದ ಮೇಲೆ. ಅದಕ್ಕೆ ಆಮೇಲೆ ಬರ್ತೀನಿ.

ಸಿಪಾಯಿಗೂ ಚರ್ಚಿಗೂ ನಂಟು ಹಳೇದು. ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ ನಂಬಿಕೆಯನ್ನು ಗುರಾಣಿಗೆ, ರಕ್ಷಣೆಯನ್ನು ಶಿರಸ್ತ್ರಾಣಕ್ಕೆ ಹೋಲಿಸಿದ್ದು ಭಾನುವಾರದ ಶಾಲೆಗೆ ಹೋದವರಿಗೆಲ್ಲ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಏನಂದರೆ, ನಾವು ದಿನಾ ಬಳಸುವ ಎಷ್ಟೋ ಮಾತುಗಳು ರೋಮನ್ ಸೈನ್ಯದ ಬ್ಯಾರಕ್ಕಿನಿಂದ ಎದ್ದು ಬಂದವು. ದೀಕ್ಷಾಸ್ನಾನಕ್ಕೂ ಪ್ರಭುಭೋಜನಕ್ಕೂ ಇಂಗ್ಲಿಷಿನಲ್ಲಿ 'ಸ್ಯಾಕ್ರಮೆಂಟ್' ಅಂತೀವಲ್ಲ, ಅದರ ಮೂಲ ಲ್ಯಾಟಿನ್‌ನ 'ಸಾಕ್ರಮೆಂಟುಮ್'. ಸೈನ್ಯಕ್ಕೆ ಸೇರುವ ರೋಮನ್ ಸಿಪಾಯಿ ಮಾಡುತ್ತಿದ್ದ ಪ್ರಮಾಣಕ್ಕೂ ಅದೇ ಹೆಸರು. ಒಂದು ಸಲ ಮಾಡಿ ಮರೆತುಬಿಡುವ ಹಾಗಿರಲಿಲ್ಲ, ಚಕ್ರವರ್ತಿಯ ಹೆಸರಲ್ಲಿ ವರ್ಷ ವರ್ಷವೂ ಹೊಸದಾಗಿ ಮಾಡಬೇಕಿತ್ತು. ರಾತ್ರಿ ಜಾಗರಣೆಯ ಪ್ರಾರ್ಥನೆಗೆ 'ವಿಜಿಲ್' ಅನ್ನುತ್ತಾರೆ. ರೋಮನ್ ಪಾಳೆಯದಲ್ಲಿ ರಾತ್ರಿಯನ್ನು ನಾಲ್ಕು ಪಾಲು ಮಾಡಿ ಕಾವಲು ಹಾಕುತ್ತಿದ್ದರು, ಆ ಒಂದೊಂದು ಪಾಲಿಗೂ 'ವಿಜಿಲಿಯಾ' ಎಂದು ಹೆಸರು. ಬುಧವಾರ, ಶುಕ್ರವಾರಗಳ ಉಪವಾಸವನ್ನು ಮೊದಲ ಕಾಲದ ಕ್ರೈಸ್ತರು 'ಸ್ಟಾಟಿಯೊ' ಎನ್ನುತ್ತಿದ್ದರು. ಅದೂ ಕಾವಲಿಗೆ ನಿಲ್ಲುವ ಮಾತೇ, ಆಫ್ರಿಕಾದ ತೆರ್ತುಲಿಯನ್ ಹಾಗಂತ ಬಿಡಿಸಿ ಹೇಳಿದ್ದಾನೆ.

ಸುಮಾರು 112ರಲ್ಲಿ ಬಿಥೂನಿಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಕಾಗದ ಬರೆದ. ಕ್ರೈಸ್ತರನ್ನು ಹಿಡಿದು ವಿಚಾರಿಸಿದೆ, ಬೆಳಕು ಹರಿಯುವ ಮೊದಲು ಸೇರುತ್ತಾರೆ, ಹಾಡುತ್ತಾರೆ, ಒಂದು ಪ್ರಮಾಣ ಮಾಡುತ್ತಾರೆ ಅಂತ ಅದರಲ್ಲಿದೆ. ಅವನು ಬಳಸಿದ್ದೂ ಸಾಕ್ರಮೆಂಟುಮ್ ಅನ್ನೋ ಪದವನ್ನೇ. ದಂಗೆಯ ಪ್ರಮಾಣವಿರಬೇಕು ಅಂತ ಅನುಮಾನ ಪಟ್ಟವನಿಗೆ ಸಿಕ್ಕಿದ್ದೇನು? ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಹಣವನ್ನು ಕೇಳಿದಾಗ ಇಲ್ಲ ಅನ್ನುವುದಿಲ್ಲ. ಇಷ್ಟೇ. ರಾಜ್ಯಪಾಲನಿಗೆ ಸ್ವಲ್ಪ ನಿರಾಸೆಯೇ ಆಗಿರಬೇಕು!

ಆದರೆ ಎರಡು ಪ್ರಮಾಣ ಎದುರುಬದುರು ನಿಂತಾಗ? 295ರ ಮಾರ್ಚ್ 12ರಂದು, ಇವತ್ತಿನ ಅಲ್ಜೀರಿಯಾದ ತೆಬೆಸ್ಸಾದಲ್ಲಿ, ಮಾಕ್ಸಿಮಿಲಿಯನ್ ಅನ್ನೋ 21 ವರ್ಷದ ಹುಡುಗನನ್ನು ಸೈನ್ಯಕ್ಕೆ ಸೇರಿಸಲು ಕರೆತಂದರು. ಅವನು ಕೊರಳಿಗೆ ಸೀಸದ ಮುದ್ರೆ ಕಟ್ಟಿಸಿಕೊಳ್ಳಲು ಒಪ್ಪಲಿಲ್ಲ. ಚಕ್ರವರ್ತಿಯ ಅಂಗರಕ್ಷಕರಲ್ಲೇ ಕ್ರೈಸ್ತರಿದ್ದಾರಲ್ಲ, ನಿನಗೇನು ಕಷ್ಟ ಅಂತ ಅಧಿಕಾರಿ ಕೇಳಿದ. ಅವರಿಗೆ ಸರಿ ಕಂಡದ್ದು ಅವರಿಗೆ ಗೊತ್ತು, ನನ್ನಿಂದ ಆಗದು ಅಂತ ಹುಡುಗ ಉತ್ತರ ಕೊಟ್ಟ. ಅವತ್ತೇ ತಲೆ ಹೋಯಿತು. ಇವನ ಕಥೆ ನೇರ. ನನ್ನನ್ನು ಹೆಚ್ಚು ಕಾಡುವವನು ಆ ದೆಹಲಿ ಚರ್ಚಿಗೆ ಹೆಸರು ಕೊಟ್ಟ ಮಾರ್ಟಿನ್, ಯಾಕಂದ್ರೆ ಅವನು ಸೈನ್ಯದೊಳಗೆ ಇದ್ದವನು.

ಮಾರ್ಟಿನ್ ಹುಟ್ಟಿದ್ದು ಇವತ್ತಿನ ಹಂಗೆರಿಯಲ್ಲಿ. 316ರಲ್ಲೋ 336ರಲ್ಲೋ ಅಂತ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಅಪ್ಪ ಸೈನ್ಯದ ಅಧಿಕಾರಿ. ಸಿಪಾಯಿಗಳ ಮಕ್ಕಳು ಸಿಪಾಯಿಗಳಾಗಲೇಬೇಕು ಅನ್ನೋ ಕಾನೂನಿದ್ದ ಕಾಲ, ಹಾಗಾಗಿ 15ಕ್ಕೇ ಹುಡುಗನ ಸೊಂಟಕ್ಕೆ ಕತ್ತಿ ಬಂತು. ಅವನಿಗೊಬ್ಬ ಸೇವಕನಿದ್ದ. ಆ ಸೇವಕನ ಬೂಟನ್ನು ಮಾರ್ಟಿನನೇ ಬಿಚ್ಚಿ ಒರೆಸುತ್ತಿದ್ದನಂತೆ, ಊಟಕ್ಕೂ ಅವನೇ ಬಡಿಸುತ್ತಿದ್ದನಂತೆ. ಇದನ್ನೆಲ್ಲ ಬರೆದವನು ಅವನನ್ನು ಕಣ್ಣಾರೆ ಕಂಡ ಸುಲ್ಪೀಸಿಯಸ್ ಸೆವೆರಸ್. ಅಭಿಮಾನಿ ಬರೆದದ್ದು, ಪವಾಡಗಳು ಧಾರಾಳವಾಗಿವೆ, ಓದುವಾಗ ಒಂದು ಚಿಟಿಕೆ ಉಪ್ಪು ಜೊತೆಗಿರಲಿ. ಆದರೆ ಬೂಟಿನಂಥ ವಿವರ ಸುಮ್ಮನೆ ಹುಟ್ಟೋದಿಲ್ಲ ಅಂತ ನನಗೆ ಅನ್ನಿಸುತ್ತೆ.

ಎಲ್ಲರಿಗೂ ಗೊತ್ತಿರೋದು ಮೇಲಂಗಿಯ ಕಥೆ. ಕೊರೆಯುವ ಚಳಿಗಾಲದಲ್ಲಿ ಫ್ರಾನ್ಸಿನ ಅಮಿಯೆನ್ ಪಟ್ಟಣದ ಬಾಗಿಲಲ್ಲಿ ಒಬ್ಬ ಭಿಕ್ಷುಕ ಬೆತ್ತಲೆ ನಡುಗುತ್ತಿದ್ದ. ಮಾರ್ಟಿನ್ ಕೈಯಲ್ಲಿದ್ದದ್ದನ್ನೆಲ್ಲ ಆಗಲೇ ಕೊಟ್ಟಾಗಿತ್ತು, ಮೈಮೇಲಿನ ಮೇಲಂಗಿ ಒಂದೇ ಉಳಿದಿತ್ತು. ಕತ್ತಿ ಹಿರಿದು ಅದನ್ನು ಎರಡು ಮಾಡಿ ಅರ್ಧ ಕೊಟ್ಟ. ಅರ್ಧ ಅಂಗಿಯ ಸಿಪಾಯಿಯನ್ನು ನೋಡಿ ಕೆಲವರು ನಕ್ಕರು. ಅವತ್ತು ರಾತ್ರಿ ಕನಸಲ್ಲಿ ಕ್ರಿಸ್ತ ಆ ಅರ್ಧವನ್ನೇ ಹೊದ್ದು ಕಾಣಿಸಿಕೊಂಡ. ಮಾರ್ಟಿನ್ ದೀಕ್ಷಾಸ್ನಾನ ಮಾಡಿಸಿಕೊಂಡದ್ದು ಅದಾದ ಮೇಲೆ. ಉಳಿದ ಅರ್ಧವನ್ನು ಮುಂದೆ ಫ್ರಾಂಕ್ ದೊರೆಗಳು ಪೂಜ್ಯವಸ್ತುವಾಗಿ ಕಾಪಾಡಿದರು. ಮೇಲಂಗಿಗೆ 'ಕಾಪಾ' ಅನ್ನುತ್ತಿದ್ದರು. ಅದನ್ನಿಟ್ಟ ಜಾಗ ಚಾಪೆಲ್ ಆಯಿತು, ಕಾಯುವವನು ಚಾಪ್ಲಿನ್ ಆದ. ಇವತ್ತೂ ಎಷ್ಟೋ ದೇಶಗಳ ಸೈನ್ಯದ ಪಾದ್ರಿಗೆ ಅದೇ ಹೆಸರು.

ದೀಕ್ಷೆಯಾದ ತಕ್ಷಣ ಅವನು ಸೈನ್ಯ ಬಿಡಲಿಲ್ಲ ಅನ್ನೋದನ್ನು ಪ್ರಸಂಗ ಮಾಡುವವರು ಹಾರಿಸಿಬಿಡುತ್ತಾರೆ. ಬಿಟ್ಟಿದ್ದು ಆಮೇಲೆ, ಜರ್ಮನಿಯ ವೋರ್ಮ್ಸ್ ಹತ್ತಿರ. ಮರುದಿನ ಯುದ್ಧ, ಸೀಸರ್ ಜೂಲಿಯನ್ ಒಬ್ಬೊಬ್ಬರನ್ನೇ ಕರೆದು ಇನಾಮು ಹಂಚುತ್ತಿದ್ದ. ಮಾರ್ಟಿನ್ ಇನಾಮು ಬೇಡವೆಂದ, ಬಿಡುಗಡೆ ಕೇಳಿದ. ಹೇಡಿ ಅಂದರು. ಹಾಗಾದರೆ ನಾಳೆ ಆಯುಧವಿಲ್ಲದೆ ಸಾಲಿನ ಮುಂದೆ ನಿಲ್ಲುತ್ತೇನೆ ಅಂದ. ಮರುದಿನ ಶತ್ರುಗಳೇ ಸಂಧಿಗೆ ಬಂದರಂತೆ. ನನಗೆ ಮುಖ್ಯ ಅನ್ನಿಸೋದು ಆ ಸಂಧಿ ಅಲ್ಲ. ಸೈನ್ಯಕ್ಕೆ ಇಲ್ಲ ಅನ್ನುವಾಗಲೂ ಅವನು ಸಿಪಾಯಿಯ ಹಾಗೇ ಇಲ್ಲ ಅಂದ. ಹಿಂದಕ್ಕೆ ಸರಿಯಲಿಲ್ಲ, ಮುಂದಿನ ಸಾಲು ಕೇಳಿದ.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅವನು ಸನ್ಯಾಸಿಯಾದ, 371ರ ಸುಮಾರಿಗೆ ತೂರ್ ಪಟ್ಟಣದ ಬಿಷಪ್ಪನೂ ಆದ. ಮುಂದೆ ಸ್ಪೇನಿನ ಪ್ರಿಸಿಲಿಯನ್ ಅನ್ನೋ ಬಿಷಪ್ಪನ ಮೇಲೆ ಬೇರೆ ಬಿಷಪ್ಪರೇ ಚಕ್ರವರ್ತಿ ಮಾಕ್ಸಿಮಸ್‌ಗೆ ದೂರು ಒಯ್ದರು. ಪ್ರಿಸಿಲಿಯನ್ನನ ಬೋಧನೆಯನ್ನು ಮಾರ್ಟಿನ್ ಒಪ್ಪಿದವನಲ್ಲ. ಆದರೂ ಟ್ರಿಯರ್‌ಗೆ ಹೋಗಿ, ರಕ್ತ ಹರಿಸಬೇಡಿ ಅಂತ ಬೇಡಿ ಮಾತು ತಗೊಂಡ. ಅವನು ಊರು ಬಿಟ್ಟ ಮೇಲೆ ಆ ಮಾತು ಮುರಿಯಿತು, 385ರ ಸುಮಾರಿಗೆ ಪ್ರಿಸಿಲಿಯನ್ನನ ತಲೆ ಕಡಿಸಿದರು. ಆಮೇಲೆ ಚಕ್ರವರ್ತಿ ಇನ್ನಷ್ಟು ಜನರನ್ನು ಹುಡುಕಿ ಕೊಲ್ಲಲು ಸ್ಪೇನಿಗೆ ಸೈನ್ಯಾಧಿಕಾರಿಗಳನ್ನು ಕಳಿಸಲು ಹೊರಟ. ದೂರು ಕೊಟ್ಟ ಬಿಷಪ್ಪರ ಜೊತೆ ಪ್ರಭುಭೋಜನ ತೆಗೆದುಕೊಳ್ಳುವುದಿಲ್ಲ ಅಂತ ಮಾರ್ಟಿನ್ ಹಟ ಹಿಡಿದಿದ್ದ. ಈಗ ಬೆಲೆ ಅದೇ ಆಯಿತು: ನೀನು ಅವರ ಜೊತೆ ತಗೋ, ಸೈನ್ಯ ವಾಪಸ್ ಕರೆಸ್ತೀನಿ.

ಮಾರ್ಟಿನ್ ತಗೊಂಡ.

ಮಾರನೇ ದಿನ ಊರಿಗೆ ಹಿಂದಿರುಗುವ ದಾರಿಯಲ್ಲಿ, ಜೊತೆಯವರನ್ನು ಮುಂದೆ ಕಳಿಸಿ, ಕಾಡಿನಲ್ಲಿ ಒಬ್ಬನೇ ಕೂತ. ಮಾಡಿದ್ದು ಸರಿಯಾ ತಪ್ಪಾ ಅಂತ ತನ್ನೊಳಗೇ ವಾದ ಮಾಡಿಕೊಳ್ಳುತ್ತಿದ್ದ. ಜೀವಗಳು ಉಳಿದಿದ್ದವು, ಆದರೂ ಸಮಾಧಾನವಿಲ್ಲ. ಆಮೇಲೆ ಬದುಕಿದ್ದಷ್ಟು ದಿನ ಅವನು ಬಿಷಪ್ಪರ ಯಾವ ಸಭೆಗೂ ಹೋಗಲಿಲ್ಲ. ನನ್ನೊಳಗಿನ ಶಕ್ತಿ ಅವತ್ತಿನಿಂದ ಕುಗ್ಗಿತು ಅಂತ ಕಣ್ಣೀರು ಹಾಕಿಕೊಂಡು ಹೇಳುತ್ತಿದ್ದ ಅಂತ ಸುಲ್ಪೀಸಿಯಸ್ ಬರೆದಿದ್ದಾನೆ. ಅಭಿಮಾನಿಯೂ ಮುಚ್ಚಿಡಲಿಲ್ಲ ನೋಡಿ.

ಈಗ ಅಪ್ಪನ ವಿಷಯ. ರಿಟೈರಾಗಿ ಬಹಳ ಕಾಲ ಕಳೆದ ಮೇಲೆ, ಒಂದು ಸಂಜೆ ಅವರಾಗಿಯೇ ಹೇಳಿದರು. ನಾನು ಹುಟ್ಟುವ ಮೊದಲಿನ ಮಾತು. ಯಾವ ಊರು, ಯಾವ ಯೂನಿಟ್ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸ್ಟೋರಿನಿಂದ ಸಾಮಾನು ಕಾಣೆಯಾಗಿತ್ತು. ಮೇಲಿನವರೊಬ್ಬರು ಬರೆದುಕೊಟ್ಟ ಹೇಳಿಕೆಗೆ ಸಾಕ್ಷಿಯಾಗಿ ಸಹಿ ಹಾಕು ಅಂದರು, ಅಪ್ಪ ಹಾಕಿದರು. ತಾವು ನೋಡಿರದ್ದನ್ನು ನೋಡಿದೆ ಅಂತ. ಒಬ್ಬ ಹುಡುಗನ ನೌಕರಿ ಹೋಯಿತು. 'ಹುಕುಂ ಪಾಲಿಸೋದು ಕಲಿಸಿದ್ರು, ಚೆನ್ನಾಗೇ ಕಲಿತೆ. ಎಲ್ಲಿ ನಿಲ್ಲಿಸಬೇಕು ಅಂತ ನಾನೇ ಕಲೀಬೇಕಿತ್ತು' ಅಂದರು. ಆ ಹುಡುಗನ ಊರಿಗೆ ಎರಡು ಸಲ ಹುಡುಕಿಕೊಂಡು ಹೋಗಿದ್ದರಂತೆ. ಸಿಗಲಿಲ್ಲ.

ನಾನು ಅವರಿಗೆ ಟ್ರಿಯರ್‌ನ ಕಥೆ ಹೇಳಿದೆ. ಮಾರ್ಟಿನ್ ತಗೊಂಡಿದ್ದು ಜೀವ ಉಳಿಸೋಕೆ, ನಾನು ಸಹಿ ಹಾಕಿದ್ದು ನನ್ನ ಹೆದರಿಕೆಗೆ, ಎರಡನ್ನೂ ಒಂದೇ ಮಾಡಬೇಡ ಅಂತ ತಕ್ಷಣ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

'ಕಾಡಲ್ಲಿ ಎಷ್ಟು ಹೊತ್ತು ಕೂತಿದ್ದ?'

'ಅದು ಬರೆದಿಲ್ಲ.'

'ಬಹಳ ಹೊತ್ತು ಇರಲಾರ. ಜೊತೆಯವರು ಮುಂದೆ ಹೋಗಿದ್ರಲ್ಲ, ಕತ್ತಲಾಗೋದ್ರೊಳಗೆ ಸೇರ್ಕೋಬೇಕು.'

ಆ ವರ್ಷದ ಕ್ರಿಸ್ಮಸ್ ಬೆಳಗ್ಗೆ, ನಮ್ಮೂರ ಚರ್ಚಿನಲ್ಲಿ, ಪ್ರಭುಭೋಜನದ ಸಾಲಿನಲ್ಲಿ ಅಪ್ಪ ನನ್ನ ಮುಂದೆ ನಿಂತಿದ್ದರು.