ಸ್ವಿಚ್ಚು ನಡೆದು ಬಂದ ದಾರಿ



ನಮ್ಮ ಸೊಸಾಯಿಟಿಯ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ, ನಾವು ದಿನಾ ಒತ್ತುವ, ಆದರೆ ಎಂದೂ ಯೋಚಿಸದ ಸ್ವಿಚ್ಚಿನ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮ ನಾಡಿನಲ್ಲಿ ಕರೆಂಟಿನ ದೊಡ್ಡ ಕಥೆ ಶುರುವಾದದ್ದು 1902ರಲ್ಲಿ, ಶಿವನಸಮುದ್ರದಲ್ಲಿ. ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರಲ್ಲಿ ನಾಡು ಒಂದಾಯಿತು, 1957ರಲ್ಲಿ ವಿದ್ಯುತ್ ಮಂಡಳಿ ಆಯಿತು. ಹಳ್ಳಿಗಳಲ್ಲಿ ಚಿಮಣಿ, ಕಂದೀಲಿನ ಕಾಲ ಮುಗಿಯಲು ಆಮೇಲೂ ಬಹಳ ವರ್ಷ ಬೇಕಾಯ್ತು. ಕಾಳಿ ನದಿಗೆ ಸೂಪಾದಲ್ಲಿ, ನಮ್ಮ ತಾಲೂಕಿನ ಕೊಡಸಳ್ಳಿಯಲ್ಲಿ ಅಣೆಕಟ್ಟು ಎದ್ದವು. ಅದಕ್ಕಾಗಿ ಮನೆ, ಗದ್ದೆ, ತೋಟ ಬಿಟ್ಟು ಹೋದವರು ನಮ್ಮ ಜಿಲ್ಲೆಯವರೇ. ಸ್ವಿಚ್ಚು ಒತ್ತುವಾಗ ಅವರ ನೆನಪೂ ಇರಲಿ.

ಇನ್ನು ಸ್ವಿಚ್ಚಿನ ಕೆಲಸ. ಅದು ಹಳ್ಳಕ್ಕೆ ಹಾಕಿದ ಸಂಕ ಇದ್ದ ಹಾಗೆ. ಸಂಕ ಇದ್ದರೆ ದಾಟಬಹುದು, ತೆಗೆದರೆ ಅಲ್ಲೇ ನಿಲ್ಲಬೇಕು. ಕರೆಂಟು ಫೇಸ್ ತಂತಿಯಲ್ಲಿ ಬಂದು, ಬಲ್ಬು ದಾಟಿ, ನ್ಯೂಟ್ರಲ್ಲಿನಲ್ಲಿ ತಿರುಗಿ ಹೋಗುವಷ್ಟು ದಾರಿ ಪೂರ್ತಿ ಇದ್ದರೆ ಮಾತ್ರ ದೀಪ ಉರಿಯುತ್ತದೆ. ನಡುವೆ ಒಂದು ಕಡೆ ಕಡಿದರೂ ಆರುತ್ತದೆ. ಆದರೆ ನಿಧಾನಕ್ಕೆ ಕಡಿದರೆ ಕಿಡಿ ಹಾರಿ ಒಳಗಿನ ಲೋಹ ಸುಡುತ್ತದೆ. ಅದಕ್ಕೇ 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಜಾನ್ ಹೆನ್ರಿ ಹೋಮ್ಸ್ ಎಂಬವರು ಥಟ್ಟನೆ ಬಿಡಿಸುವ ಸ್ವಿಚ್ಚು ಮಾಡಿದರು. ಇಂದಿನ ಸ್ವಿಚ್ಚಿನ 'ಟಕ್' ಸದ್ದಿನ ಮೂಲ ಅದೇ ಉಪಾಯ.

ತೋಟದ ಪಂಪಿನ ಸ್ಟಾರ್ಟರೂ ಒಂದು ದೊಡ್ಡ ಸ್ವಿಚ್ಚೇ. ಹಸಿರು ಗುಂಡಿ ಒತ್ತಿದಾಗ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಸಂಪರ್ಕ ಹಿಡಿದುಕೊಳ್ಳುತ್ತದೆ. ಕರೆಂಟು ಹೋದರೆ ಬಿಟ್ಟುಬಿಡುತ್ತದೆ, ಬಂದಾಗ ತಾನಾಗಿ ಶುರುವಾಗದು. ಪಂಪಿನ ಹತ್ತಿರ ಕೈ ಇಟ್ಟವನ ಜೀವ ಉಳಿಯುವುದು ಹೀಗೆ. ಒಂದು ಫೇಸ್ ಹೋಗಿ ಮೋಟಾರು ಹೆಚ್ಚು ಕರೆಂಟು ಎಳೆದರೆ ರಿಲೇ ಬೀಳಿಸುತ್ತದೆ. ಗುಂಡಿಗೆ ಕಡ್ಡಿ ಸಿಕ್ಕಿಸಿಡುವವರು, ಕರೆಂಟು ಬಂದಾಗ ತಾನಾಗಿ ಶುರುವಾಗದಂತೆ ಇರುವ ಕಾವಲನ್ನು ತಾವೇ ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ ಮುಖ್ಯ ಮಾತು. ಸ್ವಿಚ್ಚು ಫೇಸ್ ತಂತಿಯಲ್ಲೇ ಇರಬೇಕು. ನ್ಯೂಟ್ರಲ್ಲಿಗೆ ಹಾಕಿದರೂ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟು ಉಳಿದೇ ಇರುತ್ತದೆ. ಮಳೆಗಾಲದಲ್ಲಿ ಹಸಿ ಕಾಲಲ್ಲಿ ಮುಟ್ಟಿದರೆ ಕರೆಂಟಿಗೂ ನೆಲಕ್ಕೂ ನಡುವೆ ನಾವೇ ಸಂಕ ಆಗುತ್ತೇವೆ! ಮಳೆಗಾಲಕ್ಕೆ ಮೊದಲು ಲೈಸೆನ್ಸ್ ಇದ್ದ ವೈರಮನ್ನರಿಂದ ಮನೆ, ಕೊಟ್ಟಿಗೆ, ಪಂಪಿನ ವೈರಿಂಗು, ಅರ್ಥಿಂಗು ತೋರಿಸಿ. 30 ಮಿಲಿ ಆಂಪಿಯರ್ ಸೋರಿದರೂ ಬೀಳುವ ಬ್ರೇಕರ್ ಹಾಕಿಸಿ. ಅಡಿಕೆ ಕೊಯ್ಲಿನ ಲೋಹದ ದೋಟಿಯನ್ನು ಲೈನಿನಿಂದ ದೂರವಿಡಿ. ಸಾಲ ಆದರೆ ಕಂತಿನಲ್ಲಿ ತೀರಿಸಬಹುದು, ಹೋದ ಜೀವ ಯಾವ ಕಂತಿಗೂ ಬಾರದು.

ಎಲ್ಲರ ಮನೆಯ ದೀಪ ಬೆಳಗುತ್ತಿರಲಿ.