ಎಸೆಯೋ ಮಾಂಸಕ್ಕೆ ಬೆಲೆ ಬಂದಿದ್ದು: ಡನೀಡನ್ ಹಡಗಿನ 98 ದಿನ

ಇವತ್ತಿನ ಎಪಿಸೋಡ್‌ನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಕುರಿ ಇದೆ, ಒಂದು ಹಡಗಿದೆ, ಒಂದು ಲೆಕ್ಕ ಇದೆ. ಬಿಕಾಂ ಮಾಡಿರೋ ನನಗೆ ಆ ಲೆಕ್ಕನೇ ಜಾಸ್ತಿ ಇಷ್ಟ.

1880ರ ಸುಮಾರಿನ ನ್ಯೂಜಿಲೆಂಡ್ ತಗೊಳ್ಳಿ. ಜನ ಐದು ಲಕ್ಷದ ಆಸುಪಾಸು, ಕುರಿ ಸುಮಾರು 1.3 ಕೋಟಿ. ಕುರಿ ಸಾಕ್ತಿದ್ದಿದ್ದು ಉಣ್ಣೆಗೆ. ಉಣ್ಣೆ ಕೆಡಲ್ಲ, ಹಡಗಿಗೆ ತುಂಬಿದ್ರೆ ಮೂರು ತಿಂಗಳು ಬಿಟ್ಟು ಲಂಡನ್ನಿಗೆ ಹೋಗಿ ಮುಟ್ಟುತ್ತೆ. ಆದ್ರೆ ಮಾಂಸ? ತಿನ್ನೋಕೆ ಜನ ಇಲ್ಲ, ಕಳಿಸೋಕೆ ದಾರಿ ಇಲ್ಲ. ವಯಸ್ಸಾದ ಕುರಿಗಳನ್ನ ದೊಡ್ಡ ದೊಡ್ಡ ಹಂಡೆಗಳಲ್ಲಿ ಬೇಯಿಸಿ ಕೊಬ್ಬು ತೆಗೀತಿದ್ರು. ಆ ಕೊಬ್ಬು ಮೇಣದಬತ್ತಿಗೆ, ಸೋಪಿಗೆ. ಮಾಂಸ ತಿಪ್ಪೆಗೆ. ಅದೇ ಹೊತ್ತಲ್ಲಿ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಕೂಲಿಯವರ ಮನೆಗೆ ಮಾಂಸ ಅನ್ನೋದು ದುಬಾರಿ ಪದಾರ್ಥ. ಒಂದು ಕಡೆ ಬೆಲೆ ಸೊನ್ನೆ, ಇನ್ನೊಂದು ಕಡೆ ಗಗನ. ನಡುವೆ ಇದ್ದಿದ್ದು ಸಮುದ್ರ, ಅದ್ರಲ್ಲೂ ಭೂಮಧ್ಯರೇಖೆಯ ಬಿಸಿಲು.

ತಂಪನ್ನ ಹಡಗಲ್ಲಿ ಸಾಗಿಸೋದು ಅಷ್ಟು ಹೊತ್ತಿಗೆ ಹೊಸದೇನಲ್ಲ. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಕೆರೆಯಲ್ಲಿ ಕೊಯ್ದ ಐಸನ್ನ ಕಲ್ಕತ್ತಾಕ್ಕೆ ಕಳಿಸಿದ್ದ. 180 ಟನ್ ಹೊರಟಿದ್ದು, ನಾಲ್ಕು ತಿಂಗಳ ಪ್ರಯಾಣದಲ್ಲಿ ಕರಗಿ ಸುಮಾರು 100 ಟನ್ ಉಳೀತು. ಚೆನ್ನೈ ಮರೀನಾ ಬೀಚ್ ಎದುರು ವಿವೇಕಾನಂದರ ಹೆಸರಿನ ಕಟ್ಟಡ ನೋಡಿರ್ತೀರ. ಅದು ಆ ಅಮೆರಿಕದ ಐಸ್ ಇಡೋಕೆ ಕಟ್ಟಿದ ಗೋದಾಮು. ಇವತ್ತಿಗೂ ಆ ಏರಿಯಾ ಹೆಸರು ಐಸ್ ಹೌಸ್.

ಆದ್ರೆ ಐಸ್ ಅರ್ಧ ಕರಗಿದ್ರೂ ಉಳಿದರ್ಧ ಮಾರಬಹುದು. ಮಾಂಸದಲ್ಲಿ ಆ ಆಟ ನಡೆಯಲ್ಲ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್‌ಗೆ ಇದು ಗೊತ್ತಾಗಿದ್ದು ತುಂಬಾ ನೋವಿನ ರೀತಿಯಲ್ಲಿ. ಈತ ಪತ್ರಿಕೆಯ ಸಂಪಾದಕ, 1850ರ ದಶಕದಲ್ಲೇ ಐಸ್ ಮಾಡೋ ಮೆಷಿನ್ ಕಟ್ಟಿದವನು. 1873ರಲ್ಲಿ ‘ನಾರ್ಫೋಕ್’ ಹಡಗಲ್ಲಿ ಮಾಂಸ ಲಂಡನ್ನಿಗೆ ಕಳಿಸಿದ. ಹಡಗಲ್ಲಿ ಮೆಷಿನ್ ಇಡಲಿಲ್ಲ, ಐಸು ಉಪ್ಪು ತುಂಬಿದ ತೊಟ್ಟಿಗಳನ್ನ ನಂಬಿದ್ದ. ದಾರೀಲೇ ಮಾಂಸ ಕೊಳೆತು ಸಮುದ್ರಕ್ಕೆ ಎಸೆದ್ರು. ಮನುಷ್ಯ ಪಾಪರ್ ಆಗ್ಬಿಟ್ಟ. ಫ್ರಾನ್ಸಿನ ಚಾರ್ಲ್ಸ್ ಟೆಲಿಯೆ 1876ರಲ್ಲಿ ಮೆಷಿನ್ ಇಟ್ಟ ಹಡಗನ್ನೇ ಅರ್ಜೆಂಟೀನಾಕ್ಕೆ ಕಳಿಸಿದ, ಹೆಸರು ಬಂತು, ದುಡ್ಡು ಬರಲಿಲ್ಲ. 1880ರ ಫೆಬ್ರವರಿಯಲ್ಲಿ ‘ಸ್ಟ್ರಾತ್‌ಲೆವನ್’ ಅನ್ನೋ ಸ್ಟೀಮರ್ ಆಸ್ಟ್ರೇಲಿಯಾದಿಂದ ಸುಮಾರು 40 ಟನ್ ಮಾಂಸವನ್ನ ಲಂಡನ್ನಿಗೆ ಸರಿಯಾಗಿ ಮುಟ್ಟಿಸಿತು.

ಆ ಸ್ಟೀಮರಿನಲ್ಲಿದ್ದಿದ್ದು ಗ್ಲಾಸ್ಗೋದ ಬೆಲ್-ಕೋಲ್‌ಮನ್ ಮೆಷಿನ್. ಅದರ ತತ್ವ ನಿಮ್ಗೆ ಗೊತ್ತಿರೋದೇ. ಸೈಕಲ್ ಪಂಪ್ ಹೊಡೆದಾಗ ಪಂಪ್ ಬಿಸಿ ಆಗುತ್ತೆ. ಟೈರಿಂದ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ತಾಗುತ್ತೆ. ಅಷ್ಟೇ. ಗಾಳಿಯನ್ನ ಒತ್ತು, ಆ ಬಿಸಿಯನ್ನ ಸಮುದ್ರದ ನೀರಿಂದ ಆರಿಸು, ಆಮೇಲೆ ಗಾಳಿಯನ್ನ ಹಿಗ್ಗೋಕೆ ಬಿಡು, ಅದು ಕೊರೆಯೋಷ್ಟು ತಣ್ಣಗಾಗುತ್ತೆ, ಆ ಗಾಳೀನ ಮಾಂಸ ಇರೋ ಕೋಣೆಗೆ ಹರಿಸು. ಕೆಮಿಕಲ್ ಇಲ್ಲ, ವಿಷದ ಭಯ ಇಲ್ಲ. ಕಲ್ಲಿದ್ದಲು ಮಾತ್ರ ದಿನಕ್ಕೆ ಮೂರು ಟನ್ ಬೇಕು.

ನನಗನ್ಸೋದು, ಈ ಕಥೆ ಹೇಳೋವಾಗ ಎಲ್ರೂ ಮೆಷಿನ್ನನ್ನೇ ಹೀರೋ ಮಾಡ್ತಾರೆ. ಮೆಷಿನ್ ಹ್ಯಾರಿಸನ್ ಹತ್ರನೂ ಇತ್ತಲ್ವಾ? ಇರದೇ ಇದ್ದಿದ್ದು ಕುರಿ ಕಡಿಯೋ ಜಾಗದಿಂದ ಲಂಡನ್ ಮಾರ್ಕೆಟ್‌ವರೆಗೆ ಎಲ್ಲೂ ಕಡಿಯದ ಒಂದು ಕೊಂಡಿ. ಅದನ್ನ ಜೋಡಿಸಿದವರು ಇಬ್ರು. ವಿಲಿಯಂ ಡೇವಿಡ್‌ಸನ್, ಸ್ಕಾಟ್ಲೆಂಡಿನಲ್ಲಿದ್ದ ಒಂದು ದೊಡ್ಡ ಜಮೀನು ಕಂಪನಿಯ ಮ್ಯಾನೇಜರ್. ಥಾಮಸ್ ಬ್ರೈಡನ್, ನ್ಯೂಜಿಲೆಂಡಿನಲ್ಲಿ ಆ ಕಂಪನಿಯ ಕೆಲಸ ನೋಡ್ಕೊಳ್ತಿದ್ದವನು. ಆಲ್ಬಿಯನ್ ಲೈನ್ ಕಂಪನಿಯನ್ನ ಒಪ್ಪಿಸಿ ‘ಡನೀಡನ್’ ಅನ್ನೋ ಹಾಯಿಹಡಗಿಗೆ ಮೆಷಿನ್ ಕೂರಿಸಿದ್ರು. ಓಮರೂ ಊರಿನ ಹತ್ರ ಟೋಟರ ಎಸ್ಟೇಟಿನಲ್ಲಿ ಕಸಾಯಿಖಾನೆ ಕಟ್ಟಿದ್ರು. ಕಡಿದ ಕುರಿಯನ್ನ ಅಲ್ಲೇ ಆರಿಸಿ, ಐಸ್ ಇಟ್ಟ ರೈಲು ಡಬ್ಬಿಯಲ್ಲಿ ಪೋರ್ಟ್ ಚಾಲ್ಮರ್ಸ್ ಬಂದರಿಗೆ ತಂದು, ಹಡಗಲ್ಲೇ ಫ್ರೀಜ್ ಮಾಡೋದು. 1881ರ ಡಿಸೆಂಬರ್ 7ಕ್ಕೆ ಲೋಡಿಂಗ್ ಶುರು.

ಕೆಲವೇ ದಿನಕ್ಕೆ ಮೆಷಿನ್ನಿನ ಕ್ರ್ಯಾಂಕ್‌ಶಾಫ್ಟ್ ಮುರೀತು! 643 ಕುರಿಗಳನ್ನ ಹಡಗಿಂದ ಇಳಿಸಿ ಊರಲ್ಲೇ ಮಾರಬೇಕಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಕೈ ಮುಗಿದು ಮನೆಗೆ ಹೋಗ್ತಿದ್ರು. ಇವ್ರು ರಿಪೇರಿ ಮಾಡಿಸಿ, ಮತ್ತೆ ಮೊದಲಿಂದ ತುಂಬಿಸಿ, 1882ರ ಫೆಬ್ರವರಿ 15ಕ್ಕೆ ಹಡಗು ಬಿಟ್ರು. ಒಡಲಲ್ಲಿ 4,331 ಕುರಿ, 598 ಕುರಿಮರಿ, 22 ಹಂದಿ, ಜೊತೆಗೆ 250 ಪೀಪಾಯಿ ಬೆಣ್ಣೆ.

ಹಾಯಿಹಡಗಿನ ಮೇಲೆ ಕಲ್ಲಿದ್ದಲು ಉರಿಯೋ ಬಾಯ್ಲರ್ ಅಂದ್ರೆ ಏನಾಗುತ್ತೆ ಯೋಚಿಸಿ. ಚಿಮಣಿಯಿಂದ ಹಾರಿದ ಕಿಡಿಗೆ ಹಾಯಿಗಳು ಹೊತ್ತ್ಕೊಳ್ತಿದ್ವು. ಮುಂದೆ ಉಷ್ಣವಲಯಕ್ಕೆ ಬಂದಾಗ ಗಾಳಿ ಬಿದ್ದು ಹಡಗು ನಿಂತಲ್ಲೇ ನಿಲ್ತು, ಒಳಗೆ ತಂಪು ಎಲ್ಲ ಕಡೆ ಸಮನಾಗಿ ಹೋಗ್ತಿಲ್ಲ. ಕ್ಯಾಪ್ಟನ್ ಜಾನ್ ವಿಟ್ಸನ್ ತಾನೇ ತಂಪುಗಾಳಿಯ ಕೊಳವೆಯೊಳಗೆ ತೆವಳಿಕೊಂಡು ಹೋಗಿ ಹೊಸ ತೂತು ಕೊರೆದ. ಚಳಿಗೆ ಅಲ್ಲೇ ಮರಗಟ್ಟಿ ಬಿದ್ದವನನ್ನ ಜೊತೆಯವರು ಕಾಲಿಗೆ ಹಗ್ಗ ಕಟ್ಟಿ ಹೊರಗೆ ಎಳೆದ್ರು. ಹೊರಗೆ ಬೆವರು ಸುರಿಯೋ ಬಿಸಿಲು, ಒಳಗೆ ಚಳಿಗೆ ಸಾಯೋ ಮನುಷ್ಯ.

ಹೊರಟ 98ನೇ ದಿನ, ಮೇ 24ಕ್ಕೆ ಹಡಗು ಲಂಡನ್ ಮುಟ್ಟಿತು. ಕೆಟ್ಟಿದೆ ಅಂತ ಪಕ್ಕಕ್ಕಿಟ್ಟಿದ್ದು ಒಂದೇ ಒಂದು ಕುರಿ. ಸ್ಮಿತ್‌ಫೀಲ್ಡ್ ಮಾರ್ಕೆಟ್ಟಿನಲ್ಲಿ ಉಳಿದಿದ್ದೆಲ್ಲ ಮಾರಾಟ ಆಗಿ, ಲಾಭ 4,700 ಪೌಂಡ್. ನಿನ್ನೆವರೆಗೆ ತಿಪ್ಪೆಗೆ ಹೋಗ್ತಿದ್ದ ಮಾಂಸಕ್ಕೆ!

ಆಮೇಲೆ ನ್ಯೂಜಿಲೆಂಡ್ ಬದಲಾಗಿಬಿಡ್ತು. ಉಣ್ಣೆಗೆ ಸಾವಿರಾರು ಎಕರೆ ಬೇಕು, ಆದ್ರೆ ಮಾಂಸ, ಬೆಣ್ಣೆ, ಚೀಸ್ ಕಳಿಸೋಕಾದ್ರೆ ಸಣ್ಣ ರೈತನ ಸಣ್ಣ ಜಮೀನೂ ಸಾಕು. ಹತ್ತು ಹಸು ಇದ್ದವನಿಗೂ ಲಂಡನ್ ಗಿರಾಕಿ ಸಿಕ್ಕ. ಕೇಳೋಕೆ ಖುಷಿ ಆಗುತ್ತೆ, ಆದ್ರೆ ಆ ಸಣ್ಣ ಜಮೀನುಗಳು ಆಕಾಶದಿಂದ ಬೀಳಲಿಲ್ಲ. ಕಾಡು ಸುಟ್ಟು ಹುಲ್ಲು ಬಿತ್ತಿದ್ರು. 1890ರ ದಶಕದಲ್ಲಿ ಸರ್ಕಾರ ಮಾವೊರಿ ಜನರಿಂದ ಲಕ್ಷಗಟ್ಟಲೆ ಎಕರೆ ಭೂಮಿಯನ್ನ ಕೊಂಡುಕೊಂಡು ವಲಸಿಗ ರೈತರಿಗೆ ಹಂಚ್ತು. ಆ ಲಾಭದ ಪುಸ್ತಕದಲ್ಲಿ ಮಾವೊರಿಗಳ ಖಾತೆ ಯಾವ ಕಡೆ ಬರುತ್ತೆ ಅಂತ ನೀವೇ ಹೇಳಿ. ಇತ್ತ ಬ್ರಿಟನ್ನಿನಲ್ಲಿ ಕಾರ್ಮಿಕನ ತಟ್ಟೆಗೆ ಅಗ್ಗದ ಮಾಂಸ ಬಂತು, ಮೊದಲೇ ಅಮೆರಿಕದ ಗೋಧಿಗೆ ಬೆಲೆ ಕಳ್ಕೊಂಡಿದ್ದ ಅಲ್ಲಿನ ರೈತನಿಗೆ ಇನ್ನೊಂದು ಏಟು ಬಿತ್ತು.

ಒಂದೇ ಗಿರಾಕಿ ನಂಬೋದ್ರ ಅಪಾಯನೂ ಇತ್ತು. 1960ರ ಹೊತ್ತಿಗೂ ನ್ಯೂಜಿಲೆಂಡಿನ ರಫ್ತಿನಲ್ಲಿ ಸುಮಾರು ಅರ್ಧ ಬ್ರಿಟನ್ನಿಗೇ ಹೋಗ್ತಿತ್ತು. 1973ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟ ಸೇರ್ಕೊಂಡಾಗ ಇವರು ಬೇರೆ ಮಾರ್ಕೆಟ್ ಹುಡ್ಕೋಕೆ ಓಡಬೇಕಾಯ್ತು.

ಇವತ್ತು ಹಡಗಿನ ಬದಲು ಡಬ್ಬಿಯೇ ತಣ್ಣಗಿರುತ್ತೆ. ರೀಫರ್ ಕಂಟೇನರ್ ಅಂತಾರೆ, ಹಡಗಲ್ಲೋ ಬಂದರಲ್ಲೋ ಪ್ಲಗ್ ಹಾಕಿದ್ರೆ ಸಾಕು. ಸೀಗಡಿಗೆ ಮೈನಸ್ 18 ಡಿಗ್ರಿ. ಬಾಳೆಹಣ್ಣಿಗೆ ಸುಮಾರು 13, ಅದಕ್ಕಿಂತ ತೀರಾ ತಣ್ಣಗಾದ್ರೆ ಸಿಪ್ಪೆ ಕಪ್ಪಾಗುತ್ತೆ. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷ್ಯ, ರೀಫರ್ ಇರೋದು ಬಿಸಿ ಸರಕನ್ನ ತಣ್ಣಗೆ ಮಾಡೋಕಲ್ಲ, ತಣ್ಣಗಿರೋದನ್ನ ಹಾಗೇ ಕಾಯೋಕೆ. ಟೋಟರದಲ್ಲಿ ಬ್ರೈಡನ್ ಮಾಡಿದ ಕೆಲಸ ಇವತ್ತಿಗೂ ಯಾರಾದ್ರೂ ಮೊದಲೇ ಮಾಡಿರಬೇಕು.

ಇದೇ ಕಥೆ ನಮ್ಮ ಪಶ್ಚಿಮ ಕರಾವಳಿಯಲ್ಲೂ ನಡೆದಿದೆ. ಕೇರಳದಲ್ಲಿ ಒಂದು ಕಾಲಕ್ಕೆ ಸೀಗಡಿ ಎಷ್ಟು ಅಗ್ಗ ಅಂದ್ರೆ ತೆಂಗಿನ ಮರದ ಬುಡಕ್ಕೆ ಗೊಬ್ಬರ ಹಾಕ್ತಿದ್ರು. 1953ರಲ್ಲಿ ಕೊಚ್ಚಿಯಿಂದ ಅಮೆರಿಕಕ್ಕೆ ಫ್ರೋಜನ್ ಸೀಗಡಿ ಹೊರಡ್ತು. ಬೆಲೆ ಏರಿತು, ಟ್ರಾಲ್ ಬೋಟುಗಳು ಬಂದ್ವು, ದೋಣಿ ಮತ್ತು ಕೈಬಲೆಯವರ ಜೊತೆ ಜಗಳ ಶುರುವಾಯ್ತು. ವರ್ಷಗಟ್ಟಲೆ ಹೋರಾಟ ಆದ್ಮೇಲೆ 1988ರಲ್ಲಿ ಕೇರಳ ಮಳೆಗಾಲದಲ್ಲಿ ಟ್ರಾಲಿಂಗ್ ನಿಲ್ಲಿಸಿತು. ಈಗ ನಮ್ಮ ಮಲ್ಪೆ, ಮಂಗಳೂರು ಬಂದರುಗಳಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತೆ.

ಹ್ಞಾಂ, ಡನೀಡನ್ ಏನಾಯ್ತು ಅಂತ ಕೇಳ್ತೀರ ಅಲ್ವಾ? 1890ರ ಮಾರ್ಚ್‌ನಲ್ಲಿ ಓಮರೂನಿಂದ ಲಂಡನ್ನಿಗೆ ಹೊರಡ್ತು. ಅದಾದ್ಮೇಲೆ ಹಡಗಾಗಲಿ, ಅದರಲ್ಲಿದ್ದವರಾಗಲಿ ಯಾವ ಬಂದರಿಗೂ ಬಂದು ಮುಟ್ಟಲಿಲ್ಲ.